ಮೂರನೇ ಮನೆಯ ಶ್ರುತಿ

ನಳಿನಾಕ್ಷಿ ಟೀಚರ್ ನನಗೆ ಕೊಟ್ಟದ್ದು ಎರಡು ಪುಟ. ಕಿನ್ನರಿ ಕೂಟಕ್ಕೆ ಈ ಡಿಸೆಂಬರಿಗೆ ಇಪ್ಪತ್ತೈದು ವರ್ಷ ತುಂಬುತ್ತದೆ, ಸ್ಮರಣ ಸಂಚಿಕೆ ಬರುತ್ತದೆ, ಅದರಲ್ಲಿ ಕಾಲೇಜು ಶಾಖೆಯ ಚರಿತ್ರೆಗೆ ಎರಡು ಪುಟ. "ನೋಡು ಬರ್ತಾ, ನೀನೇ ಬರೆಯಬೇಕು. ಆವಾಗ ಕಾರ್ಯದರ್ಶಿ ಇದ್ದದ್ದು ನೀನಲ್ವಾ? ವರದಿ ಪುಸ್ತಕದಲ್ಲಿ ನಿನ್ನ ಅಕ್ಷರವೇ ಉಂಟು" ಎಂದರು. ಎಪ್ಪತ್ತು ದಾಟಿದ ಹೆಂಗಸು ಉಡುಪಿಯಿಂದ ಕಾರ್ಕಳಕ್ಕೆ ಬಸ್ಸಿನಲ್ಲಿ ಬಂದು, ನಾನು ಸಂಗೀತ ಕಲಿಸುವ ಶಾಲೆಯ ಜಗಲಿಯಲ್ಲಿ ಕೂತು ಕೇಳಿದರೆ ಆಗುವುದಿಲ್ಲ ಎನ್ನುವುದು ಹೇಗೆ? ನನ್ನ ಬಾಯಿ ಸಣ್ಣದೇನೂ ಅಲ್ಲ. ಅಜೆಕಾರಿನ ನಮ್ಮ ಮನೆಯಲ್ಲಿ ಅಪ್ಪ ನನ್ನನ್ನು ಕರೆಯುತ್ತಿದ್ದದ್ದೇ ಇಗರ್ಜಿಯ ಗಂಟೆ, ಚರ್ಚಿನ ಗಂಟೆ ಎಂದು. ಆದರೂ ಹೂಂ ಎಂದೆ. ಅವರು ಹೊರಟ ಮೇಲೆ, ಅವರು ಬಿಟ್ಟುಹೋದ ಕೆಂಪು ರಟ್ಟಿನ ವರದಿ ಪುಸ್ತಕವನ್ನು ಎರಡು ದಿನ ತೆರೆಯಲೇ ಇಲ್ಲ.

ಚರಿತ್ರೆಯ ಮೊದಲರ್ಧಕ್ಕೆ ಕಷ್ಟವಿಲ್ಲ. ಸಾವಿರದ ಒಂಬೈನೂರ ಅರವತ್ತೊಂದು. ಆಗ ಉಡುಪಿಯ ಸಂಗೀತ ಸಭೆಗಳಲ್ಲಿ ಹೆಂಗಸರಿಗೆ ಸಿಗುತ್ತಿದ್ದದ್ದು ಪ್ರಾರ್ಥನೆಯ ಎರಡು ನಿಮಿಷ. ಹಾಡಿ ಮುಗಿಸಿ ವೇದಿಕೆಯಿಂದ ಇಳಿದರೆ ಗಂಡಸರಿಗೆ ಕಾಫಿ ಹಂಚಬೇಕು. ಒಂದು ದಿನ ನಳಿನಾಕ್ಷಿ ಟೀಚರ್ ಲೋಟಗಳ ತಟ್ಟೆಯನ್ನು ನಡುಸಭೆಯಲ್ಲಿ ನೆಲಕ್ಕಿಟ್ಟು ಮನೆಗೆ ನಡೆದರಂತೆ. ಹಿಂದೆಯೇ ನಾಲ್ವರು ಎದ್ದು ಹೋದರಂತೆ. ತೆಂಕಪೇಟೆಯ ಅವರ ಮನೆಯ ಚಾವಡಿಯಲ್ಲಿ ಆ ಐವರು ಸೇರಿ ಶುರುಮಾಡಿದ್ದು ಕಿನ್ನರಿ ಮಹಿಳಾ ಸಂಗೀತ ಕೂಟ. ಆ ತಟ್ಟೆ ಈಗಲೂ ಅವರ ಮನೆಯಲ್ಲಿ ಉಂಟು, ಅದರಲ್ಲೇ ನಮಗೆ ಚಹಾ ಕೊಡುತ್ತಾರೆ.

ಕೂಟದ ಪದ್ಧತಿಗಳನ್ನೂ ಅವರೇ ಕಟ್ಟಿದ್ದು. ದೀಪ ಹಚ್ಚಿದ ಮೇಲೆ ಹಾಡು ಮುಗಿಯುವ ತನಕ ಯಾರೂ ಮಾತಾಡಬಾರದು. ಐದು ಹೆಂಗಸರು ಸೇರಿದರೆ ಹಾಡೆಲ್ಲಿ, ಬರೀ ಹರಟೆ ಎಂದು ಊರಿನವರು ನಕ್ಕಿದ್ದಕ್ಕೆ ಹುಟ್ಟಿದ ನಿಯಮವಂತೆ ಅದು. ಇನ್ನೊಂದು, ಶ್ರುತಿಯಕ್ಕ. ಹೊಸಬಳು ಕೂಟಕ್ಕೆ ಸೇರಲು ಹಾಡುವ ದಿನ, ಅವಳ ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದು ಹಳಬಳೊಬ್ಬಳು ಕೂರಬೇಕು. ತನ್ನ ಕಂಠಕ್ಕೆ ಒಗ್ಗುವ ಶ್ರುತಿ ಯಾವುದೆಂದು ಹೊಸಬಳು ಮೊದಲೇ ಚೀಟಿಯಲ್ಲಿ ಬರೆದು ಅವಳಿಗೆ ಕೊಟ್ಟಿರಬೇಕು. ಆವತ್ತಿನಿಂದ ಒಬ್ಬಳು ಶ್ರುತಿಯಕ್ಕ, ಒಬ್ಬಳು ಶ್ರುತಿತಂಗಿ. ಮದುವೆಗೂ ಮರಣಕ್ಕೂ ಹೇಳಿಕೆ ಹೋಗುವ ಸಂಬಂಧ. ಹಾಡು ಮುಗಿದಾಗ ಹೊಸಬಳು ಬೊಗಸೆ ಒಡ್ಡಿ ನಿಲ್ಲುತ್ತಾಳೆ. ಸಮಿತಿಯ ಐವರಲ್ಲಿ ಒಪ್ಪಿದವರು ಅವಳ ಬೊಗಸೆಗೆ ಒಂದೊಂದು ಮಲ್ಲಿಗೆ ಮೊಗ್ಗು ಹಾಕುತ್ತಾರೆ. ಮೂರು ಮೊಗ್ಗು ಬಿದ್ದರೆ ಅವಳು ನಮ್ಮವಳು.

ಕಾಲೇಜು ಶಾಖೆ ಶುರುವಾದದ್ದು ಅರವತ್ತೆಂಟರಲ್ಲಿ, ಮಣಿಪಾಲದ ಗುಡ್ಡದ ಮೇಲೆ. ಕಾಲೇಜಿನವರು ಮೆಟ್ಟಿಲ ಕೆಳಗಿನ ಒಂದು ಕೋಣೆ ಬಿಟ್ಟುಕೊಟ್ಟರು. ಮೊದಲು ಅಲ್ಲಿ ಹಳೆಯ ಬೆಂಚು ಪೇರಿಸುತ್ತಿದ್ದರು. ಉಡುಪಿಯಿಂದ ಒಂದು ಹಾರ್ಮೋನಿಯಂ ಬಂತು, ಒಂದು ಚಾಪೆ, ಒಂದು ಕಾಲುದೀಪ. ಮೊದಲ ವರ್ಷ ಏಳು ಜನ. ನಾನು ಸೇರಿದ ಎಪ್ಪತ್ತೆರಡರಲ್ಲಿ ಹದಿನೆಂಟು. ಕೂಟಕ್ಕೆ ಸೇರಿದ ಮೊದಲ ಕ್ರಿಸ್ತುವರ ಹುಡುಗಿ ನಾನು. ನನ್ನ ಬೊಗಸೆಗೆ ಬಿದ್ದದ್ದು ಸರಿಯಾಗಿ ಮೂರೇ ಮೊಗ್ಗು, ಆ ಲೆಕ್ಕ ನಾನು ಮರೆತವಳಲ್ಲ. ಇಗರ್ಜಿಯಲ್ಲಿ ಹಾರ್ಮೋನಿಯಂ ನುಡಿಸಿ ಅಭ್ಯಾಸವಿದ್ದುದರಿಂದ ಮರುವರ್ಷವೇ ನನ್ನನ್ನು ಕಾರ್ಯದರ್ಶಿ ಮಾಡಿದರು. ಪೆಟ್ಟಿಗೆಯ ಜವಾಬ್ದಾರಿಯೂ ನನ್ನದಾಯಿತು. ಪೆಟ್ಟಿಗೆ ಎಂದರೆ ಹಾರ್ಮೋನಿಯಂ. ನಮ್ಮಲ್ಲಿ ಹಾಗೆಯೇ ಹೇಳುವುದು.

ಇಷ್ಟು ಬರೆದು ನಾನು ಎಪ್ಪತ್ತಮೂರನೇ ಇಸವಿಯ ಪುಟ ತಿರುಗಿಸಿದೆ. ಜುಲೈ ಇಪ್ಪತ್ತೊಂದು, ಶನಿವಾರ. 'ಕುಮಾರಿ ರತ್ನಾವತಿ, ಕಾಪು. ಪ್ರಥಮ ಪಿ.ಯು.ಸಿ. ಶ್ರುತಿ ನಿಲ್ಲಲಿಲ್ಲ. ಪ್ರವೇಶವಿಲ್ಲ.' ಅಕ್ಷರ ನನ್ನದು. ದುಂಡಗೆ, ಒಂದು ಚಿತ್ತಿಲ್ಲದೆ ಬರೆದಿದ್ದೇನೆ. ಅದು ಸುಳ್ಳು.

ರತ್ನಾವತಿಯ ಮನೆಯವರು ಮೀನುಗಾರರು. ಕಾಪುವಿನಿಂದ ದಿನವೂ ಎರಡು ಬಸ್ಸು ಹಿಡಿದು ಕಾಲೇಜಿಗೆ ಬರುತ್ತಿದ್ದಳು. ಕಪ್ಪಗೆ, ಎತ್ತರಕ್ಕೆ ಇದ್ದ ಹುಡುಗಿ. ನಡೆಯುವಾಗ ಪುಸ್ತಕಗಳನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದಳು. ಶಾಲೆಯ ಹೊರಗೆ ಅವಳು ಹಾಡಿದ್ದು ಊರಿನ ಭಜನಾ ಮಂದಿರದಲ್ಲಿ ಮಾತ್ರ. ಅವಳಿಗೆ ಶ್ರುತಿಯಕ್ಕನಾಗಿ ಸಮಿತಿ ನನ್ನನ್ನು ನೇಮಿಸಿತ್ತು. ಸೋಮವಾರ ಮೆಟ್ಟಿಲ ಬಳಿ ನನಗಾಗಿ ಕಾದು ನಿಂತು ಚೀಟಿ ಕೊಟ್ಟಳು. 'ಮೂರು' ಎಂದು ಬರೆದಿತ್ತು.

ಹಾರ್ಮೋನಿಯಂನ ನಡು ಸಪ್ತಕದಲ್ಲಿ ಬೆರಳಿನಿಂದ ಒತ್ತುವ ಬಿಳಿ ಮನೆಗಳನ್ನು ಎಡದಿಂದ ಒಂದು, ಎರಡು ಎಂದು ಎಣಿಸುತ್ತ ಹೋದರೆ ಐದನೆಯದು ಸಾಮಾನ್ಯವಾಗಿ ಹೆಂಗಸರ ಶ್ರುತಿ. ನಾವೆಲ್ಲ ಹಾಡುತ್ತಿದ್ದದ್ದು ಐದರಲ್ಲೇ. ಮೂರು ಎಂದರೆ ತಗ್ಗು ಕಂಠ.

"ಮೂರಾ? ಅದು ಗಂಡಸರಿಗೆ ಹತ್ತಿರ ಆಯ್ತಲ್ಲ ಮಾರಾಯ್ತಿ" ಎಂದೆ.

"ನಮ್ಮ ಭಜನೆಯ ಪೆಟ್ಟಿಗೆಯವರು ಹಾಗೆ ಹೇಳಿದ್ದು ಅಕ್ಕ. ಅದಕ್ಕಿಂತ ಮೇಲೆ ಹೋದರೆ ನನಗೆ ಆಗುವುದಿಲ್ಲ" ಎಂದಳು.

"ಎಲ್ಲಿ, ಒಂದು ಸಾಲು ಹಾಡು ನೋಡುವ."

ಅವಳು ಅತ್ತ ಇತ್ತ ನೋಡಿ, ಮೆಟ್ಟಿಲಲ್ಲಿ ನಿಂತೇ ಒಂದು ಸಾಲು ಹಾಡಿದಳು. ನಮ್ಮ ಹದಿನೆಂಟು ಜನರಲ್ಲಿ ಅಂಥ ಕಂಠ ಯಾರಿಗೂ ಇರಲಿಲ್ಲ, ನನಗಂತೂ ಇಲ್ಲವೇ ಇಲ್ಲ. ಮೇಲೆ ಹತ್ತುತ್ತಿದ್ದ ಇಬ್ಬರು ಹುಡುಗರು ಅಲ್ಲೇ ನಿಂತುಬಿಟ್ಟರು. ಅವಳು ನಾಚಿ ನಿಲ್ಲಿಸಿದಳು.

"ನನಗೆ ಹಾಡಿನ ಟೀಚರ್ ಆಗಬೇಕು ಅಕ್ಕ" ಎಂದಳು. "ಕೂಟದವರು ಹೇಳಿದರೆ ಶಾಲೆಯವರು ತೆಗೆದುಕೊಳ್ತಾರೆ ಅಂತ ಕೇಳಿದ್ದೇನೆ. ಹೌದಾ? ಮನೆಯಲ್ಲಿ ಒಂದು ವರ್ಷ ನೋಡುವ ಅಂತ ಹೇಳಿದ್ದಾರೆ. ಆಮೇಲೆ ಮೀನಿನ ಬುಟ್ಟಿ ನನ್ನ ತಲೆಗೂ ಬರ್ತದೆ."

ಹೌದು ಎಂದೆ. ಅದು ನಿಜವೇ ಆಗಿತ್ತು. ಜಿಲ್ಲೆಯ ಶಾಲೆಗಳವರು ಸಂಗೀತ ಟೀಚರ್ ಬೇಕಾದರೆ ನಳಿನಾಕ್ಷಿ ಟೀಚರಿಗೆ ಕಾಗದ ಬರೆಯುತ್ತಿದ್ದರು.

ಈಗ ಪೆಟ್ಟಿಗೆಯ ವಿಷಯ ಹೇಳಬೇಕು. ಆ ಮಳೆಗಾಲದ ಶೀತಕ್ಕೆ ಅದರ ನಡು ಸಪ್ತಕದ ಮೂರನೇ ಮನೆ ಕಟ್ಟಿಹೋಗಿತ್ತು. ಒತ್ತಿದರೆ ಗಾಳಿ ಬರುತ್ತಿತ್ತು, ಸ್ವರ ಬರುತ್ತಿರಲಿಲ್ಲ. ನಾವು ಯಾರೂ ಮೂರರಲ್ಲಿ ಹಾಡುವವರಲ್ಲವಾದ್ದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಆದರೂ ನಮ್ಮ ಅಧ್ಯಕ್ಷೆ, ಅಂತಿಮ ಬಿ.ಎ.ಯ ಅಮ್ಮಣ್ಣಿಯಕ್ಕ, ಶನಿವಾರದೊಳಗೆ ಸರಿಮಾಡಿಸಿಕೊಂಡು ಬಾ ಎಂದು ನನಗೆ ಹೇಳಿದ್ದಳು. ಉದ್ಯಾವರದಲ್ಲಿ ಕಜೆಟನ್ ಎಂಬ ರಿಪೇರಿಯವನಿದ್ದ. ಸುತ್ತಲಿನ ಇಗರ್ಜಿಗಳ ಹಾರ್ಮೋನಿಯಂ ಎಲ್ಲ ಅವನ ಕೈಯಲ್ಲೇ. ಗುರುವಾರ ನಾನು ಪೆಟ್ಟಿಗೆಯನ್ನು ಗೋಣಿಯಲ್ಲಿ ಸುತ್ತಿ ಉಡುಪಿ ಬಸ್‌ಸ್ಟ್ಯಾಂಡಿನ ತನಕ ತಂದೆ. ಮಳೆ ಎಂದರೆ ಮಳೆ. ಉದ್ಯಾವರದ ಬಸ್ಸಿನ ಮೆಟ್ಟಿಲಲ್ಲೂ ಜನ ನೇತಾಡುತ್ತಿದ್ದರು. ಅಷ್ಟರಲ್ಲಿ ನನ್ನ ಚಿಕ್ಕಮ್ಮನ ಮಗಳು ಜೋನ್ ಸಿಕ್ಕಿದಳು, ಮ್ಯಾಟಿನಿಗೆ ಎರಡು ಟಿಕೆಟು ಹಿಡಿದುಕೊಂಡು. ಅವಳ ಗೆಳತಿ ಕೈಕೊಟ್ಟಿದ್ದಳಂತೆ. ಕೂಟದ ಹಾರ್ಮೋನಿಯಂ ಮೂರು ಗಂಟೆ ಕಾಲ ನನ್ನ ಮಡಿಲಲ್ಲಿ ಕೂತು ಸಿನಿಮಾ ನೋಡಿತು. ಅವತ್ತು ನಾನು ಎಷ್ಟು ನಕ್ಕಿದ್ದೆ, ಅದನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಶುಕ್ರವಾರ ಅಮ್ಮಣ್ಣಿಯಕ್ಕ, "ಕಜೆಟನ್ ಎಂತ ಹೇಳಿದ?" ಎಂದು ಕೇಳಿದಳು.

"ಸರಿ ಮಾಡಿಕೊಟ್ಟ ಅಕ್ಕ. ಈಗ ಒಳ್ಳೆ ಉಂಟು" ಎಂದೆ.

ಸೋಮವಾರ ರತ್ನಾವತಿ ಕೊಟ್ಟ ಚೀಟಿ ಆಗ ನನ್ನ ಪುಸ್ತಕದೊಳಗೇ ಇತ್ತು. ಸುಳ್ಳು ಹೇಳಿದ ಗಳಿಗೆಯಲ್ಲಿ ನನಗೆ ಅದು ನೆನಪಾಗಲಿಲ್ಲ ಎಂದರೆ ನೀವು ನಂಬುತ್ತೀರೋ ಬಿಡುತ್ತೀರೋ. ನೆನಪಾದದ್ದು ಶನಿವಾರ ಮಧ್ಯಾಹ್ನ, ದೀಪ ಹಚ್ಚಿ ಆದ ಮೇಲೆ.

ಮೆಟ್ಟಿಲ ಕೆಳಗಿನ ಕೋಣೆ. ಹೊರಗೆ ಮಳೆ. ಚಾಪೆಯ ಮೇಲೆ ಸಮಿತಿಯ ನಾಲ್ವರು. ಐದನೆಯವಳು ನಾನು, ಪೆಟ್ಟಿಗೆಯ ಹಿಂದೆ. ರತ್ನಾವತಿ ಅಕ್ಕನದೋ ಅತ್ತಿಗೆಯದೋ ಹಸಿರು ಸೀರೆ ಉಟ್ಟು ಬಂದಿದ್ದಳು, ಅದು ಅವಳ ಪಾದದ ಗಂಟಿಗೂ ಬರುತ್ತಿರಲಿಲ್ಲ. ನನ್ನನ್ನು ನೋಡಿ ಸಣ್ಣಗೆ ನಕ್ಕಳು. ನಾನು ತಿದಿ ಎಳೆದು ಮೂರನೇ ಮನೆಯ ಮೇಲೆ ಬೆರಳಿಟ್ಟೆ. ಬರೀ ಗಾಳಿ.

ಕೆಳಗಿನ ಸಪ್ತಕದ ಮೂರನ್ನು ಒತ್ತಬಹುದಿತ್ತಲ್ಲ ಎಂದು ಪೆಟ್ಟಿಗೆ ಬಲ್ಲವರು ಕೇಳುತ್ತೀರಿ. ಒತ್ತಬಹುದಿತ್ತು. ಅದು ಗೊರಗೊರ ಎನ್ನುತ್ತಿತ್ತು, ನಾಲ್ವರೂ ತಲೆಯೆತ್ತುತ್ತಿದ್ದರು, ಆಮೇಲೆ ಯಾಕೆ ಎಂದು ಕೇಳುತ್ತಿದ್ದರು. ನಿಯಮ ಮುರಿದು ಬಾಯಿ ಬಿಟ್ಟು ಹೇಳಬಹುದಿತ್ತು. ಊರಿಗೆಲ್ಲ ಕೇಳುವ ನನ್ನ ಈ ಬಾಯಿ ಆವತ್ತು ನಿಯಮದ ಹಿಂದೆ ಅಡಗಿ ಕೂತಿತು. ನಾನು ಅಲ್ಲಿ ಮೂರು ಮೊಗ್ಗಿನಲ್ಲಿ ಬಂದವಳು. ಪೆಟ್ಟಿಗೆ ಕೊಟ್ಟರೆ ಸಿನಿಮಾಕ್ಕೆ ಹೊತ್ತುಕೊಂಡು ಹೋದಳಂತೆ ಎಂದಾದರೆ ನನ್ನನ್ನು ಇಟ್ಟುಕೊಳ್ಳುತ್ತಿದ್ದರೇ? ಬೆರಳು ಜರುಗಿಸಿ ಐದನ್ನು ಒತ್ತಿದೆ. ಹೇಗಾದರೂ ಸಂಭಾಳಿಸುತ್ತಾಳೆ ಎಂದುಕೊಂಡೆ. ಹೊಟ್ಟೆಕಿಚ್ಚು ಇರಲೇ ಇಲ್ಲ ಎಂದು ಆಣೆ ಹಾಕಲೂ ನನ್ನಿಂದ ಆಗುವುದಿಲ್ಲ. ಮೆಟ್ಟಿಲ ಬಳಿ ಕೇಳಿದ ಆ ಒಂದು ಸಾಲು ನನಗೆ ಐದು ದಿನದಿಂದ ಚುಚ್ಚುತ್ತಿತ್ತು.

ಅವಳು ಒಮ್ಮೆ ನನ್ನ ಮುಖ ನೋಡಿದಳು. ನಾನು ಪೆಟ್ಟಿಗೆಯನ್ನು ನೋಡುತ್ತಿದ್ದೆ. ಮಾತಾಡುವ ಹಾಗಿಲ್ಲವಲ್ಲ, ಅವಳು ನಿಯಮ ಪಾಲಿಸಿದಳು. ಐದಕ್ಕೇ ಹಾಡಲು ಶುರುಮಾಡಿದಳು. ಮೊದಲ ಸಾಲು ಹೇಗೋ ದಾಟಿತು. ಮೇಲಿನ ಸಾಲಿಗೆ ಹತ್ತುವಾಗ ಕುತ್ತಿಗೆಯ ನರ ಉಬ್ಬಿ ಬಂತು, ಕಂಠ ಒಡೆಯಿತು, ಸ್ವರ ಎಲ್ಲೆಲ್ಲಿಗೋ ಹೋಯಿತು. ಎರಡನೆಯ ಸಲ ಹತ್ತಿದಳು, ಮತ್ತೆ ಒಡೆಯಿತು. ಆದರೂ ಪೂರ್ತಿ ಹಾಡಿದಳು. ಹಾಡಿ ಬೊಗಸೆ ಒಡ್ಡಿ ನಿಂತಳು.

ಅಮ್ಮಣ್ಣಿಯಕ್ಕ ಎದ್ದು ಒಂದು ಮೊಗ್ಗು ಹಾಕಿದಳು. "ಹೆದರಿದ್ದಾಳೆ, ಕಂಠ ಉಂಟು" ಎಂದಳು. ಅವಳ ಪಕ್ಕದವಳು ಇನ್ನೊಂದು ಹಾಕಿದಳು. ಉಳಿದಿಬ್ಬರು ಕೈ ಆಡಿಸಲಿಲ್ಲ. ಶ್ರುತಿಯಕ್ಕ ಹಾಕುವುದು ಕೊನೆಗೆ. ನನ್ನ ಮೊಗ್ಗು ನನ್ನ ಅಂಗೈಯಲ್ಲಿತ್ತು. ಹಾಕಿದರೆ, ಶ್ರುತಿ ಹಿಡಿದವಳಿಗೇ ಶ್ರುತಿ ತಪ್ಪಿದ್ದು ಕೇಳಲಿಲ್ಲವಾ ಎಂದು ಕೇಳುತ್ತಾರೆ. ಯಾವ ಶ್ರುತಿ ಹಿಡಿದೆ, ಚೀಟಿ ತೋರಿಸು ಎನ್ನುತ್ತಾರೆ. ನಾನು ತಲೆ ಅಲ್ಲಾಡಿಸಿದೆ. ಅವಳು ಆ ಎರಡು ಮೊಗ್ಗುಗಳನ್ನು ದೀಪದ ಬುಡದಲ್ಲಿಟ್ಟು, ಎಲ್ಲರಿಗೂ ನಮಸ್ಕಾರ ಮಾಡಿ, ನನಗೆ ಪ್ರತ್ಯೇಕ ಒಂದು ನಮಸ್ಕಾರ ಮಾಡಿ ಹೋದಳು. ಪರ್ಕಳದ ನನ್ನ ಬಾಡಿಗೆ ಕೋಣೆಗೆ ಬಂದು ಕೈ ತೊಳೆಯುವಾಗ ನೋಡುತ್ತೇನೆ, ಮೊಗ್ಗು ಅಂಗೈಗೆ ಅಂಟಿಕೊಂಡೇ ಇತ್ತು.

ಮಾರನೇ ಸೋಮವಾರ ಹೇಳುತ್ತೇನೆ ಎಂದುಕೊಂಡೆ. ಸೋಮವಾರ ಅವಳು ಎದುರು ಸಿಕ್ಕಾಗ ನಾನು ಲೈಬ್ರರಿಗೆ ತಿರುಗಿದೆ. ಆ ವಾರವೇ ನಾನು ಪೆಟ್ಟಿಗೆಯನ್ನು ಯಾರಿಗೂ ಹೇಳದೆ ಉದ್ಯಾವರಕ್ಕೆ ಒಯ್ದೆ. ಕಜೆಟನ್ ಆ ಮನೆಯ ಸ್ವರ ಹುಟ್ಟುವ ಹಿತ್ತಾಳೆಯ ರೀಡನ್ನು ಕಳಚಿ, ಒರೆಸಿ, ಊದಿ ಮತ್ತೆ ಕೂರಿಸಿದ. "ಇಷ್ಟೇ ಮಾರಾಯ್ತಿ, ಹತ್ತು ನಿಮಿಷದ ಕೆಲಸ" ಎಂದ. ಗಣೇಶ ಚೌತಿ ಕಳೆಯಿತು, ದಸರಾ ರಜೆ ಬಂತು. ರಜೆ ಮುಗಿದ ಮೇಲೆ ರತ್ನಾವತಿ ಕಾಲೇಜಿಗೆ ಬರಲಿಲ್ಲ. ಎರಡು ವರ್ಷದ ನಂತರ ಕಾರ್ಕಳದ ಒಂದು ಶಾಲೆಯಿಂದ ಸಂಗೀತ ಟೀಚರ್ ಬೇಕೆಂದು ಕಾಗದ ಬಂದಾಗ ನಳಿನಾಕ್ಷಿ ಟೀಚರ್ ನನ್ನ ಹೆಸರು ಬರೆದರು. ಹನ್ನೊಂದು ವರ್ಷದಿಂದ ಅದೇ ಕೆಲಸದಲ್ಲಿದ್ದೇನೆ. ದಿನಕ್ಕೆ ನಾಲ್ಕು ಪಿರಿಯಡ್ಡು, ಮಕ್ಕಳು ಒಳ್ಳೆಯವರು. ಆ ಕುರ್ಚಿಯಲ್ಲಿ ನಾನು ಒಂದು ದಿನವೂ ನೆಮ್ಮದಿಯಿಂದ ಕೂತದ್ದಿಲ್ಲ ಎಂದರೆ ಸುಳ್ಳಾದೀತು. ಎಷ್ಟೋ ದಿನ ಹಾಯಾಗಿಯೇ ಕೂತಿದ್ದೇನೆ, ಅದೂ ನನಗೆ ನಾಚಿಕೆಯ ಸಂಗತಿಯೇ.

ಈಗ ಎರಡು ಪುಟ ಬರೆಯಬೇಕು. ಎಪ್ಪತ್ತಮೂರನ್ನು ಹಾರಿಸಿ ಒಂದು ಪ್ರತಿ ಬರೆದೆ. ಓದಿ ನೋಡಿದೆ. ಎಲ್ಲ ಸರಿಯಾಗಿತ್ತು, ಸದಸ್ಯೆಯರ ಸಂಖ್ಯೆ, ಕಾರ್ಯಕ್ರಮಗಳು, ಈಚೆಗೆ ಟೇಪ್‌ರೆಕಾರ್ಡರ್ ಬಂದು ಹುಡುಗಿಯರು ಕಡಿಮೆಯಾಗಿ ಶಾಖೆಯಲ್ಲಿ ನಾಲ್ಕೇ ಜನ ಉಳಿದದ್ದು. ಹರಿದು ಹಾಕಿದೆ. ನಡೆದದ್ದನ್ನು ಬರೆಯುವುದಾದರೆ ಮೊದಲು ಅವಳಿಗೆ ಹೇಳಬೇಕು, ಆಮೇಲೆ ಊರಿಗೆ. ಡಿಸೆಂಬರಿನ ಸಮಾರಂಭಕ್ಕೆ ಅವಳನ್ನು ಕರೆತಂದು, ನಾನೇ ಶ್ರುತಿ ಹಿಡಿದು, ನಾನೇ ಮೊಗ್ಗು ಹಾಕಬೇಕು ಎಂದು ನಿಶ್ಚಯ ಮಾಡಿದೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟವಳೇ ಶಿರ್ವದ ಮೇಲಿಂದ ಕಾಪುವಿಗೆ ಹೋಗುವ ಬಸ್ಸು ಹತ್ತಿದೆ.

ಕಾಪುವಿನ ಪೇಟೆಯಲ್ಲಿ ಕೇಳಿದರೆ, "ಗುಣಪಾಲಣ್ಣನ ಹೆಂಡತಿ ರತ್ನಾವತಿಯಾ? ಕಡಲ ಬದಿಗೆ ಹೋಗಿ, ದೋಣಿ ಬರುವ ಹೊತ್ತು" ಎಂದರು. ಭಜನಾ ಮಂದಿರದ ಆಚೆ ಗಾಳಿಮರದ ನೆರಳಲ್ಲಿ ಏಳೆಂಟು ಹೆಂಗಸರು ಬುಟ್ಟಿ ಮಗುಚಿ ಹಾಕಿ ಕೂತಿದ್ದರು. ಅವರಲ್ಲಿ ಎತ್ತರದವಳೊಬ್ಬಳು, "ಎಂತ ಬಾಯಮ್ಮ, ಮೀನಿಗೆ ಇನ್ನೂ ಹೊತ್ತುಂಟು" ಎಂದಳು. ಸ್ವರ ದೊರಗಾಗಿತ್ತು. ಆಮೇಲೆ ಎದ್ದು ನಿಂತಳು. "ಶ್ರುತಿಯಕ್ಕ ಅಲ್ವಾ?"

ಆ ಹೆಸರಿನಲ್ಲಿ ನನ್ನನ್ನು ಕರೆಯುವ ಹಕ್ಕು ಇನ್ನಾರಿಗೂ ಇಲ್ಲ. ನನಗೆ ಬೇರೆ ಶ್ರುತಿತಂಗಿ ಆಗಲೇ ಇಲ್ಲ, ನಾನು ಒಪ್ಪಲಿಲ್ಲ.

ಬದಿಗೆ ಕರೆದು ಹೇಳಿದೆ. ಪೆಟ್ಟಿಗೆ, ಸಿನಿಮಾ, ಗಾಳಿ ಮಾತ್ರ ಬಂದ ಮನೆ, ಐದು, ಅಂಗೈಗೆ ಅಂಟಿದ ಮೊಗ್ಗು, ಎಲ್ಲ. ಹದಿಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಹತ್ತು ನಿಮಿಷದಲ್ಲಿ ಮುಗಿಯಿತು. ಅವಳು ಮರಕ್ಕೆ ಒರಗಿ ನಿಂತು ಕೇಳಿದಳು.

"ಹಾಗಾದರೆ ನನ್ನ ಗಂಟಲಲ್ಲಿ ದೋಷ ಇರಲಿಲ್ಲವಾ?"

"ಇರಲಿಲ್ಲ."

"ಕಿವಿಯಲ್ಲಿ?"

"ಅದೂ ಇರಲಿಲ್ಲ ರತ್ನಾ. ದೋಷ ಇದ್ದದ್ದು ನನ್ನಲ್ಲಿ."

ಅವಳು ಕಡಲಿನ ಕಡೆ ತಿರುಗಿದಳು. "ಶ್ರುತಿ ಮೇಲೆ ಉಂಟು ಅಂತ ಆವತ್ತೇ ಅನ್ನಿಸಿತು. ಆದರೆ ಪೆಟ್ಟಿಗೆ ಸುಳ್ಳು ಹೇಳುವುದಿಲ್ಲ ಅಲ್ವಾ? ಅಕ್ಕ ಹಿಡಿದದ್ದು ಮೂರೇ, ನನಗೇ ನನ್ನ ಶ್ರುತಿ ಗೊತ್ತಿರಲಿಲ್ಲ, ಊರಿನವರು ಇಷ್ಟು ದಿನ ಸುಮ್ಮನೆ ಹೊಗಳಿದ್ದು ಅಂತ ಗ್ರಹಿಸಿದೆ. ಆಮೇಲೆ ಭಜನೆಗೆ ಹೋದರೂ ಬಾಯಿ ಬಿಡಲಿಲ್ಲ. ತಾಳ ಹಾಕಿ ಕೂತುಕೊಳ್ತಿದ್ದೆ. ನನ್ನ ಮಕ್ಕಳನ್ನು ಹಾಡಿ ಮಲಗಿಸಿದ್ದು ನನ್ನ ಅತ್ತೆ."

ನನಗೆ ಅಳು ಬಂತು. ಸೀರೆಯ ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಅವಳು ಅಳಲಿಲ್ಲ.

"ನನಗೆ ಕೂಟ ಬೇಡ ಇತ್ತು ಅಕ್ಕ" ಎಂದಳು. "ಮಾರನೇ ದಿನ ಬಂದು, ನೀನು ಸರಿ ಉಂಟು, ಪೆಟ್ಟಿಗೆ ಸರಿ ಇರಲಿಲ್ಲ ಅಂತ ನನಗೊಬ್ಬಳಿಗೆ ಹೇಳಿದ್ದರೆ ಸಾಕಿತ್ತು. ನಾನು ಯಾರಿಗೂ ಹೇಳ್ತಿರಲಿಲ್ಲ."

ತಪ್ಪು ಮಾಡಿ ಸಿಕ್ಕಿಬಿದ್ದಾಗ ಮಾತು ಹೆಚ್ಚು ಮಾಡುವುದು ನನ್ನ ಚಾಳಿ. ಡಿಸೆಂಬರಿನ ಸಮಾರಂಭ, ನಳಿನಾಕ್ಷಿ ಟೀಚರ್, ನೀನು ಬರಲೇಬೇಕು, ನಾನೇ ಶ್ರುತಿ ಹಿಡಿಯುತ್ತೇನೆ, ಎಲ್ಲರ ಎದುರು ನನ್ನ ತಪ್ಪು ಹೇಳುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು "ಬನ್ನಿ" ಎಂದು ಭಜನಾ ಮಂದಿರದ ಕಡೆ ನಡೆದಳು.

ನನ್ನನ್ನು ಜಗಲಿಯಲ್ಲಿ ಕೂರಿಸಿ, ಕೈಕಾಲು ತೊಳೆದು ಒಳಗೆ ಹೋಗಿ ಪೆಟ್ಟಿಗೆಯನ್ನು ಎತ್ತಿಕೊಂಡು ಬಂದಳು. ನಮ್ಮ ಪೆಟ್ಟಿಗೆಗಿಂತಲೂ ಹಳೆಯದು, ಆದರೆ ಒಳ್ಳೆಯ ಸ್ಥಿತಿಯಲ್ಲಿತ್ತು. ದೇವರು ಕೊನೆಗೂ ನನಗೆ ಒಂದು ಅವಕಾಶ ಕೊಟ್ಟ ಎಂದುಕೊಂಡೆ. ತಿದಿ ಎಳೆದು, ಮೂರನೇ ಮನೆಯ ಮೇಲೆ ಬೆರಳಿಟ್ಟು ಒತ್ತಿದೆ. ಎಷ್ಟು ಚಂದದ ಸ್ವರ. ಆವತ್ತು ಬರಬೇಕಾಗಿದ್ದ ಸ್ವರ ಅದು.

ರತ್ನಾವತಿ ಎದುರು ನಿಂತು ಕಣ್ಣು ಮುಚ್ಚಿದಳು. ಗಂಟಲು ಸರಿಮಾಡಿಕೊಂಡಳು. ಅದೇ ಹಾಡು. ಮೊದಲ ಸಾಲಿನ ಅರ್ಧಕ್ಕೆ ಬರುವಾಗ ಕಂಠ ಒಡೆಯಿತು. ನಿಲ್ಲಿಸಿ, ಮತ್ತೆ ಮೊದಲಿನಿಂದ ತೆಗೆದಳು. ಮೇಲಿನ ಸಾಲಿಗೆ ಹೋಗುವ ಪ್ರಶ್ನೆಯೇ ಬರಲಿಲ್ಲ. ಕುತ್ತಿಗೆಯ ಅದೇ ನರ ಉಬ್ಬಿ ಬಂತು. ಅವಳು ಕಣ್ಣು ತೆರೆದು ಪೆಟ್ಟಿಗೆಯ ಮೇಲಿದ್ದ ನನ್ನ ಬೆರಳನ್ನು ನೋಡಿದಳು.

"ಐದಾ?"

"ಅಲ್ಲ ರತ್ನಾ. ಮೂರೇ. ನೋಡು, ಎಣಿಸಿ ನೋಡು."

ಅವಳು ಬಗ್ಗಿ ಎಣಿಸಿಯೂ ನೋಡಿದಳು. ಒಂದು, ಎರಡು, ಮೂರು.

"ಹಾಗಾದರೆ ಮೂರೂ ಹೋಯಿತು" ಎಂದಳು. "ಎಷ್ಟು ವರ್ಷ ಆಯಿತು ಬೀದಿಯಲ್ಲಿ ಮೀನು ಕೂಗಲಿಕ್ಕೆ ಶುರುಮಾಡಿ. ಗಂಟಲು ಅಲ್ಲೇ ಕೂತುಕೊಳ್ತದಾ, ಇಳಿಯುವುದಿಲ್ಲವಾ?"

ನಾನು ತಿದಿ ಬಿಟ್ಟೆ.

"ಆವತ್ತು ಬರೆದು ಕೊಟ್ಟರೂ ನೀವು ಹಿಡಿಯಲಿಲ್ಲ" ಎಂದಳು. ಸಿಟ್ಟಿನಲ್ಲಿ ಹೇಳಿದ್ದಲ್ಲ, ಅಷ್ಟೇನೂ ದೊಡ್ಡ ವಿಷಯ ಅಲ್ಲ ಎನ್ನುವ ಹಾಗೆ. "ಇವತ್ತು ಎಷ್ಟು ಅಂತ ಕೇಳಲೇ ಇಲ್ಲ."

"ಈಗ ಕೇಳ್ತೇನೆ. ಎಷ್ಟು ಹೇಳು?"

"ನನಗೆ ಹೇಗೆ ಗೊತ್ತು? ನೋಡಿದವರು ಯಾರು?"

ನೋಡುವ, ಒಂದೊಂದೇ ಕೆಳಗೆ ಒತ್ತುತ್ತ ಹೋಗುವ, ಸಿಕ್ಕೇ ಸಿಗುತ್ತದೆ ಎಂದು ಗಡಿಬಿಡಿಯಲ್ಲಿ ತಿದಿ ಎಳೆದೆ. ಅಷ್ಟರಲ್ಲಿ ಕಡಲ ಬದಿಯಿಂದ ಹೆಂಗಸರು ಅವಳ ಹೆಸರು ಹಿಡಿದು ಕರೆದರು. ದೋಣಿ ಬಂದಿತ್ತು. ಮೀನಿನ ಏಲಂ ಕೂಗುವವರು ಯಾರಿಗೂ ಕಾಯುವುದಿಲ್ಲ. ಅವಳು ಜಗಲಿಯ ಕೆಳಗಿಟ್ಟಿದ್ದ ಬುಟ್ಟಿ ಎತ್ತಿಕೊಂಡಳು.

"ಪುಸ್ತಕದಲ್ಲಿ ಬರೆಯುವುದಾದರೆ ಬರೆಯಿರಿ ಅಕ್ಕ. ಶ್ರುತಿ ನಿಲ್ಲಲಿಲ್ಲ ಅಂತ ಮಾತ್ರ ಬರೆಯಬೇಡಿ. ಡಿಸೆಂಬರಿಗೆ ನಾನು ಬರುವುದಿಲ್ಲ, ಆಯ್ತಾ? ಪೆಟ್ಟಿಗೆ ಒಳಗಿಟ್ಟು ಬಾಗಿಲು ಎಳೆದುಕೊಳ್ಳಿ, ನಾಯಿ ನುಗ್ತದೆ" ಎಂದು ಹೇಳಿ ಹೋದಳು.

ನಾನು ಒಳಗಿಡಲಿಲ್ಲ. ಜಗಲಿಯಲ್ಲೇ ಕೂತೆ. ಅರ್ಧ ಗಂಟೆ ಕಳೆದಿರಬೇಕು. ಮಂದಿರದ ಹಿಂದಿನ ಓಣಿಯಲ್ಲಿ ಅವಳು ಬುಟ್ಟಿ ಹೊತ್ತು ಪೇಟೆಯ ಕಡೆ ಹೋಗುವುದು ತೆಂಗಿನ ಮರಗಳ ನಡುವೆ ಕಂಡಿತು. "ಬಂಗುಡೇ, ಬೂತಾಯೀ" ಎಂದು ಕೂಗುತ್ತಿದ್ದಳು. ಮತ್ತೆ ಮತ್ತೆ ಅದೇ ಎರಡು ಮೀನಿನ ಹೆಸರು, ಒಂದೇ ಎತ್ತರದಲ್ಲಿ, ಒಂದಿಷ್ಟೂ ಅಲುಗದೆ. ನನ್ನ ಬೆರಳು ತಾನಾಗಿಯೇ ಪೆಟ್ಟಿಗೆಯ ಮೇಲೆ ಹುಡುಕತೊಡಗಿತು. ಮೂರು ಅಲ್ಲ. ಅದರ ಕೆಳಗಿನ ಕಪ್ಪು ಮನೆಯೂ ಅಲ್ಲ. ಎರಡು. ಬಿಳಿ ಎರಡು. ಒತ್ತಿದಾಗ ಅವಳ ಕೂಗು ಅದರ ಮೇಲೆ ಸರಿಯಾಗಿ ಕೂತಿತು, ಒಂದು ಎಳೆ ಆಚೆ ಈಚೆ ಇಲ್ಲ.

ಅವಳ ಶ್ರುತಿ ನಿಂತೇ ಇತ್ತು. ನಾನು ಎರಡನ್ನು ಒತ್ತಿ ಹಿಡಿದು, ಕೈ ಸೋಲುವ ತನಕ ತಿದಿ ಎಳೆಯುತ್ತ ಕೂತೆ. ಅವಳು ಓಣಿ ದಾಟಿ ಪೇಟೆಯ ರಸ್ತೆಗೆ ತಿರುಗಿದ್ದಳು. ಅಷ್ಟು ದೂರಕ್ಕೆ ಪೆಟ್ಟಿಗೆಯ ಸ್ವರ ಕೇಳುವುದಿಲ್ಲ.